ಡೊಂಬಿವಲಿಯ ಅಜ್ಜನಿಗೆ ನಾನೇ ಆಸರೆ

ಸುಳ್ಳು ಅನ್ನೋರು ಈಗಲೇ ಎದ್ದು ಹೋಗ್ರಿ. ವಯಸ್ಸಾದವರನ್ನು ನೋಡಿಕೊಳ್ಳಲು ಹೋದವನಿಗೆ ಇಂಥವು ದಿನಾ ನಡೀತಾವ.

ತೊಂಬತ್ತರ ದಶಕದ ಮಾತು. ಮುಂಬಯಿ ಹತ್ತಿರದ ಕಲ್ಯಾಣದ ಗೋದಾಮಿನಲ್ಲಿ ಕ್ವಿಂಟಲ್ ಚೀಲ ಒಬ್ಬನೇ ಹೊರುತ್ತಿದ್ದ ಬಿಜಾಪುರದ ಗಂಡು ನಾನು. ಮಸ್ಕತ್ತಿನಲ್ಲಿದ್ದ ಉಡುಪಿ ಕಡೆಯ ಸಾಹೇಬರೊಬ್ಬರು, ಡೊಂಬಿವಲಿಯಲ್ಲಿದ್ದ ತಮ್ಮ ಅಪ್ಪ-ಅಮ್ಮನಿಗೆ ಆಸರೆಯಾಗಿರಲಿ ಎಂದು ನನ್ನನ್ನೇ ಆರಿಸಿದರು. ಷರತ್ತು ಒಂದೇ: ಒಂದು ತಿಂಗಳಲ್ಲಿ ಅವರು ನನ್ನನ್ನು ಒಪ್ಪದಿದ್ದರೆ ಮನೆಗೆ ಬೀಗ, ಇಬ್ಬರೂ ಮಸ್ಕತ್ತಿಗೆ. ಅಜ್ಜನಿಗೆ ಮಸ್ಕತ್ತೂ ಬೇಡ, ನಾನೂ ಬೇಡ.

ಬಾಗಿಲಲ್ಲಿ

"ನಿನಗೆ ಏನು ಬರ್ತದೆ ಮಾರಾಯ?" ಅಂದರು ಅಜ್ಜ.

"ನಿಮ್ಮಂಥ ಇಬ್ಬರನ್ನ ಹೆಗಲ ಮ್ಯಾಲ ಹೊತ್ತು ಮಾಳಿಗಿ ಹತ್ತತೀನ್ರಿ ಅಜ್ಜಾರ."

"ಹೆಗಲು ಬೇಕಾಗುವುದು ನಾವು ಸತ್ತ ಮೇಲೆ. ಅಲ್ಲಿಯವರೆಗೆ ಏನು ಮಾಡ್ತೀ?"

ಗೋಡೆ

ಬೆಳ್ಳಂಬೆಳಿಗ್ಗೆ ಅಡುಗೆ ಕಟ್ಟೆಯ ಮೇಲೆ ರೊಟ್ಟಿ ಬಡಿದೆ. ನಮ್ಮೂರ ಬಡಿತ ಅಂದರೆ ಹೊಲದಲ್ಲಿದ್ದವರಿಗೂ ಹಸಿವಾಗಬೇಕು. ಕೆಳಗಿನ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಅನ್ನುವವರು, ಓಡಿಬಂದರು. "ಭಿಂತ್ ತೋಡತಾಯ ಕಾ?" ಗೋಡೆ ಒಡೀತಿದ್ದೀರಾ ಅಂತ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟು ಕಳಿಸಿದೆ.

ಮರುದಿನ ಸಾಹೇಬರ ಅಮ್ಮನ ಇಷ್ಟದಂತೆ ಕುಚ್ಚಲಕ್ಕಿ ಗಂಜಿ. ಕಾಕು ಮತ್ತೆ ಹತ್ತಿ ಬಂದರು: "ಇವತ್ತು ಯಾಕೆ ಗೋಡೆ ಒಡೆಯಲಿಲ್ಲ?"

ಲೋಕಲ್

ನಿವೃತ್ತರಾದರೂ ಅಜ್ಜ ಬೆಳಿಗ್ಗೆ ನೌಕರಿಗೆ ಹೋಗುತ್ತಿದ್ದ ತಮ್ಮ ಹಳೆಯ ಲೋಕಲ್ ರೈಲನ್ನೇ ಹತ್ತುತ್ತಿದ್ದರು. ರೈಲು ಡಬ್ಬಿಯಲ್ಲಿ ಅವರ ಭಜನಾ ಮಂಡಳಿ, ಕೊನೆಯ ಸ್ಟೇಷನ್ ವಿ.ಟಿ.ವರೆಗೆ ತಾಳ ಹಾಕಿ ವಾಪಸ್ಸು. "ಗರ್ದಿಯಲ್ಲಿ ಅಪ್ಪನನ್ನು ಒಬ್ಬರನ್ನೇ ಬಿಡಬೇಡ" ಎಂದು ಮಗನ ಆಜ್ಞೆ. ಎದೆ ಉಬ್ಬಿಸಿ ಮುಂದೆ ನುಗ್ಗಿ ದಾರಿ ಮಾಡಿಕೊಟ್ಟೆ. ಠಾಣೆ ಸ್ಟೇಷನ್ ಬಂದದ್ದೇ ತಡ, ಇಳಿಯುವ ಜನರ ಗರ್ದಿ ನನ್ನನ್ನು ಚೀಲದಂತೆ ಎತ್ತಿ ಪ್ಲಾಟ್‌ಫಾರ್ಮಿಗೆ ಹಾಕಿತು. ಗಾಡಿ ಹೋಯಿತು, ಒಳಗೆ ಅಜ್ಜ, ತಾಳ, ಮತ್ತೆ ನನ್ನ ಒಂದು ಚಪ್ಪಲಿ.

ಮಧ್ಯಾಹ್ನ ಅಜ್ಜ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಂದರು. "ತಗೋ. ಇದು ವಿ.ಟಿ. ನೋಡಿ ಬಂತು. ನಿನಗಿಂತ ಜಾಣ."

ಮಸ್ಕತ್ತಿನ ಫೋನು

ತಿಂಗಳು ಮುಗಿದ ರವಿವಾರ ಮಗನ ಫೋನು ಬಂತು. ನಾನು ಆಗಲೇ ಬಟ್ಟೆ ಗಂಟು ಕಟ್ಟಿದ್ದೆ. ಮಗನೊಡನೆ ಯಾವಾಗಲೂ ತುಳುವಿನಲ್ಲೇ ಮಾತಾಡುವ ಅಜ್ಜ, ಅಂದು ನನ್ನ ಕಡೆ ನೋಡುತ್ತಾ ಕನ್ನಡದಲ್ಲಿ ಶುರು ಮಾಡಿದರು:

"ಮಸ್ಕತ್ತಿಗೆ ಹೇಗೆ ಬರುವುದು ಮಾರಾಯ? ನೀನು ಕಳಿಸಿದ ಈ ಪೈಲ್ವಾನನಿಗೆ ಲೋಕಲಿನಲ್ಲಿ ನಿಲ್ಲಲಿಕ್ಕೂ ಬರುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬನನ್ನೇ ಬಿಡ್ಲಿಕ್ಕೆ ಆಗ್ತದಾ? ಇವನನ್ನು ನೋಡಿಕೊಳ್ಳಲಿಕ್ಕೆ ನಾವಿಬ್ಬರೂ ಇಲ್ಲೇ ಇರಬೇಕು."

ಅಮ್ಮ ನನ್ನ ಗಂಟು ಬಿಚ್ಚಿಸಿ ತಾಟು ಇಟ್ಟರು. ಗಂಜಿಯ ಮನೆಯ ಅಮ್ಮ ನನಗೆ ಕೊಟ್ಟದ್ದು ಒಂದು ಜೋಳದ ರೊಟ್ಟಿ. ತಾವೇ ತಟ್ಟಿದ್ದು, ಅಂಚೆಲ್ಲ ಹರಿದದ್ದು.