ಇರೋದೊಂದೇ ದಸ್ತಿ, ಬಸ್ಸು ಎರಡು

ಮೆಣಸಿನಕಾಯಿ ದಲಾಲಿ ಮಾಡುವವನಿಗೆ ಲಾ ಕಾಲೇಜಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟು ಕೂತವನ ಗಾದಿಗೆ ಮೆಣಸಿನಕಾಯಿಗಿಂತ ಹೆಚ್ಚಾಗಿ ಬರುವುದು ಮಂದಿಯ ಉಸಾಬರಿಯೇ. ಮಾಲು ಹಸಿ ಇದ್ದರೆ ವಾಪಸ್ ಕಳಿಸಬಹುದು. ಇದನ್ನು ಕಳಿಸಲು ಬರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಜರ್ಮನಿಯಲ್ಲಿ ಮಶೀನಿನ ಕಾರ್ಖಾನೆಯೊಂದರಲ್ಲಿದ್ದ ನನ್ನ ತಮ್ಮ ಫೋನ್ ಮಾಡಿದ. "ಅಣ್ಣಾ, ಮಗಳು ಇಲ್ಲಿ ಸಾಲಿ ಮುಗಿಸ್ಯಾಳ. ಲಾ ಓದ್ತೀನಿ ಅಂತಾಳ, ಅದೂ ನಮ್ಮ ಊರಕಡೇನ ಓದ್ತೀನಿ ಅಂತಾಳ. ನೀನ ನೋಡ್ಕೋ." ನಾನು 'ಹೂಂ' ಅನ್ನುವುದರೊಳಗೆ ಹುಡುಗಿ ವಿಮಾನ ಹತ್ತಿಯಾಗಿತ್ತು.

೧. ಒಂದ್ ನಂಬರ್ ಮಾಲು

ಬಂದ ದಿನವೇ ಹುಡುಗಿ ಮಾರ್ಕ್ಸ್ ಕಾರ್ಡ್ ತೆಗೆದು ತೋರಿಸಿದಳು. ಎಲ್ಲ ವಿಷಯ ಸೇರಿಸಿ ಕೆಳಗೆ ಬರೆದಿದ್ದು ಒಂದು ಪಾಯಿಂಟ್ ನಾಲ್ಕು. ನನ್ನ ಹೆಂಡತಿ ಅದನ್ನು ನೋಡಿದ್ದೇ ಹುಡುಗಿಯ ತಲೆ ಸವರಿದಳು.

"ಹೋಗ್ಲಿ ಬಿಡವಾ ತಂಗಿ. ಎಲ್ಲಾರೂ ಓದಿ ಏನ್ ಮಾಡ್ತಾರ? ಮೊದಲ ಊಟ ಮಾಡು."

"ದೊಡ್ಡವ್ವಾ, ಅಲ್ಲಿ ಒಂದು ಅಂದ್ರ ಎಲ್ಲಾದಕಿಂತ ಛಲೋ. ಆರು ಅಂದ್ರ ಫೇಲ್."

ನನಗೆ ಥಟ್ಟನೆ ತಿಳಿಯಿತು. ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಲೆಕ್ಕವೂ ಅದೇ. ಬಣ್ಣ ಚೆನ್ನಾಗಿದ್ದು, ಮುರಿದರೆ ಚಟ್ಟಂತ ಮುರಿಯುವ ಕಾಯಿ ಒಂದ್ ನಂಬರ್ ಮಾಲು. ಮೂರು, ನಾಲ್ಕು ಅಂದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹೆಂಡತಿಗೆ ಬಿಡಿಸಿ ಹೇಳಿದೆ. ಆಕೆ ಗಲ್ಲಕ್ಕೆ ಕೈ ಹಚ್ಚಿ ನನ್ನನ್ನೇ ನೋಡಿದಳು.

"ನಿಮ್ಮ ಮ್ಯಾಟ್ರಿಕ್ ಗಣಿತದ ಮಾರ್ಕ್ಸ್ ನೆನಿಸ್ಕೊಂಡ್ರ, ನೀವು ಜರ್ಮನಿಯೊಳಗ ಹುಟ್ಟಬೇಕಾಗಿತ್ತು ನೋಡ್ರಿ."

೨. ಗುಟ್ಟು

ಧಾರವಾಡದ ಒಂದು ಕಾಲೇಜಿಗೆ ಹೋದೆವು. ಅಲ್ಲಿಯ ಕ್ಲಾರ್ಕು ಸಜ್ಜನ, ಆದರೆ ಪರ್ಸೆಂಟೇಜ್ ಬಿಟ್ಟರೆ ಬೇರೆ ದೇವರಿಲ್ಲ.

"ಪರ್ಸೆಂಟೇಜ್ ಎಲ್ಲೈತ್ರಿ?"

"ಅವರ ಕಡೆ ಪರ್ಸೆಂಟೇಜ್ ಇರೂದಿಲ್ರಿ," ಅಂದೆ.

"ಇಲ್ಲಿ ಅಕ್ಷರದಾಗ ಏನೋ ಬರದಾರಲ್ಲ, ಏನಿದು?"

ಹುಡುಗಿ ಹೇಳಿದಳು, "ಅದು ಗುಟ್ ಅಂತ್ರಿ."

"ಇದು?"

"ಅದೂ ಗುಟ್."

"ಇದರ ಕೆಳಗಿಂದು?"

"ಅದು ಜೇರ್ ಗುಟ್. ಅಂದ್ರ, ಭಾಳ ಗುಟ್."

ಕ್ಲಾರ್ಕು ಚಷ್ಮಾ ತೆಗೆದು ಮೇಜಿನ ಮೇಲಿಟ್ಟ. "ಸಾವ್ಕಾರ್ರ, ಅಷ್ಟೊಂದು ಗುಟ್ಟಿನ ವಿಷಯ ಇದ್ರ ಮನ್ಯಾಗ ಇಟ್ಕೋಬೇಕ್ರಿ. ಆಫೀಸಿಗೆ ಯಾಕ ತಂದ್ರಿ?"

ಗುಟ್ ಅಂದರೆ ಅವರ ಭಾಷೆಯಲ್ಲಿ 'ಛಲೋ' ಅಂತ ತಿಳಿಸಿ ಹೇಳುವಷ್ಟರಲ್ಲಿ ಆತ ಒಂದು ಪಾಯಿಂಟ್ ನಾಲ್ಕನ್ನು ಆರರಿಂದ ಭಾಗಿಸಿ ಕೂತಿದ್ದ. "ಇಪ್ಪತ್ಮೂರು ಪರ್ಸೆಂಟ್ ಆತ್ರಿ. ಗುಟ್ಟಾಗೇ ಇರ್ಲಿ ಬಿಡ್ರಿ, ನಾ ಯಾರಿಗೂ ಹೇಳೂದಿಲ್ಲ."

೩. ವಕೀಲರ ಸಲಹೆ

ವಾಪಸ್ ಬರುವಾಗ ಧಾರವಾಡದಲ್ಲೇ, ಸಪ್ತಾಪುರದಲ್ಲಿ ನಮ್ಮ ದೂರದ ಬೀಗರೊಬ್ಬರ ಮನೆಗೆ ಹೋದೆವು. ಹಳೇ ವಕೀಲರು. ಯಾವ ಕಾಲೇಜು ಛಲೋ ಅಂತ ಕೇಳಿದರೆ, ಲಾ ಓದುವುದೇ ಬೇಡ ಅಂತ ಶುರುಮಾಡಿದರು. ಕಕ್ಷಿದಾರರು ಹೇಗೆ ಸುಳ್ಳು ಹೇಳುತ್ತಾರೆ, ತಾರೀಖು ಹೇಗೆ ಮುಂದಕ್ಕೆ ಹೋಗುತ್ತದೆ, ಕರಿಕೋಟು ಬ್ಯಾಸಗಿಯಲ್ಲಿ ಹೇಗೆ ಸುಡುತ್ತದೆ. ಚಹಾ ಬಂತು, ಆರಿತು, ಮತ್ತೊಮ್ಮೆ ಕಾಸಿ ತಂದರು. ಅವರ ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ನಮ್ಮನ್ನು ಕನಿಕರದಿಂದ ನೋಡಿ ಒಳಗೆ ಹೋದರು.

ಹೊರಗೆ ಬಂದ ಮೇಲೆ ನಾನೆಂದೆ, "ಕೇಳಿದ್ಯಲ್ಲವಾ? ಇನ್ನ ಬಿಡು ಈ ವಿಚಾರ."

"ಯಾಕ್ರಿ ದೊಡ್ಡಪ್ಪ? ಒಬ್ಬರ ಇಷ್ಟೊತ್ತು ಮಾತಾಡಿದ್ರೂ ನಡುವ ಬಾಯಿ ಹಾಕಾಕ ಯಾರಿಗೂ ಧೈರ್ಯ ಆಗ್ಲಿಲ್ಲ. ನನಗ ಇದ ಕೆಲಸ ಬೇಕು."

೪. ದಸ್ತಿ

ಅಷ್ಟರಲ್ಲಿ, ಇರಲಿ ಅಂತ ತಮ್ಮ ಜರ್ಮನಿಯಿಂದಲೇ ಅರ್ಜಿ ಹಾಕಿಸಿದ್ದ ಪುಣೆಯ ಲಾ ಕಾಲೇಜೊಂದರಿಂದ ಪತ್ರ ಬಂತು. ಬೇರೆಯವರ ರಿಸಲ್ಟ್ ಬರುವ ಮೊದಲೇ ನಿಮಗೆ ಸೀಟು ಕೊಡುತ್ತೇವೆ, ಶನಿವಾರದೊಳಗೆ ಅಸಲು ಮಾರ್ಕ್ಸ್ ಕಾರ್ಡ್ ತಂದು ಒಪ್ಪಿಸಿ ಅಂತ. ಅಸಲು ಇರುವುದು ಒಂದೇ ಪ್ರತಿ. ಒಮ್ಮೆ ಅಲ್ಲಿ ಕೊಟ್ಟರೆ ಧಾರವಾಡದ ಮಾತು ಮುಗಿಯಿತು.

ನಾನು ವ್ಯಾಪಾರಸ್ಥ, ಸುತ್ತಿ ಬಳಸಿ ಮಾತಾಡುವುದಿಲ್ಲ. "ಸುಮ್ನ ಪುಣೆಕ್ಕ ಹೋಗು. ಇಲ್ಲಿ ನಿನ್ನ ಇಪ್ಪತ್ಮೂರು ಪರ್ಸೆಂಟಿಗೆ ಇಳಿಸ್ಯಾರ. ಮೊದಲ ಬಂದ ಬಸ್ಸಿಗೆ ದಸ್ತಿ ಒಗದು ಸೀಟ್ ಹಿಡೀಬೇಕು."

ಈ ದಸ್ತಿ ವಿದ್ಯೆಯನ್ನು ಅವಳಿಗೆ ಕಲಿಸಿದವನು ನಾನೇ. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಒಗೆದರೆ ಆ ಸೀಟು ನಮ್ಮದು. ಹುಡುಗಿಗೆ ಇದು ಭಾಳ ಹಿಡಿಸಿತ್ತು. ಮೊದಲ ದಿನವೇ ಒಬ್ಬ ಮೇಷ್ಟರ ಜೊತೆ, ದಸ್ತಿ ಮೊದಲೋ ಕುಂಡಿ ಮೊದಲೋ ಅಂತ ಧಾರವಾಡ ಬರುವ ತನಕ ವಾದ ಮಾಡಿ ಗೆದ್ದಿದ್ದಳು. ಜರ್ಮನಿಯ ಬಸ್ಸಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲವಂತೆ. ಊರಕಡೆಯೇ ಲಾ ಓದಬೇಕು ಅಂತ ಹಟ ಗಟ್ಟಿಯಾದದ್ದು ಆ ಬಸ್ಸಿನಲ್ಲೇ.

"ದೊಡ್ಡಪ್ಪ, ನನ್ನ ಕಡೆ ಇರೂದು ಒಂದ ದಸ್ತಿ. ನಾ ಹತ್ತಬೇಕಾಗಿದ್ದ ಬಸ್ಸು ಹಿಂದ ನಿಂತಿರುವಾಗ, ಮುಂದಿಂದು ಖಾಲಿ ಐತಂತ ಅದಕ್ಯಾಕ ಒಗೀಲಿ?"

ಅದೂ ಖರೆ. ಖಾಲಿ ಐತಿ ಅಂತ ಗದಗ ಬಸ್ ಹತ್ತಿ ಧಾರವಾಡ ಮುಟ್ಟಿದವರು ಯಾರೂ ಇಲ್ಲ.

೫. ಮೂರನೇ ರ‍್ಯಾಂಕ್

ಶುಕ್ರವಾರ, ಕೊನೆಯ ಪ್ರಯತ್ನ ಅಂತ, ಧಾರವಾಡದ ಅದೇ ಕಾಲೇಜಿನ ಪ್ರಿನ್ಸಿಪಾಲರನ್ನೇ ಕಂಡೆವು. ಗುಟ್ಟಿನ ಕ್ಲಾರ್ಕು ಪಕ್ಕದಲ್ಲೇ ನಿಂತಿದ್ದ. ಆಗದಿದ್ದರೆ ರಾತ್ರಿ ಪುಣೆ ಬಸ್ಸು. ಟಿಕೆಟ್ ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಪ್ರಿನ್ಸಿಪಾಲರು ಕಾರ್ಡನ್ನು ತಿರುವಿ ನೋಡಿದರು. "ಒಂದು ಪಾಯಿಂಟ್ ನಾಲ್ಕು ಅಂದ್ರ ಭಾಳ ಕಡಿಮಿ ಆಗ್ತದಲ್ಲವಾ."

"ಸಣ್ಣ ನಂಬರ್ ಇದ್ದಷ್ಟು ಛಲೋ ಸರ್."

"ಹಂಗ ಎಲ್ಲ್ಯರ ಇರ್ತದೇನು? ನನಗೂ ಮಾರ್ಕ್ಸ್ ವಿಷಯ ತಿಳೀತದ. ನಾ ಏನ್ ಸಾಮಾನ್ಯ ಅಲ್ಲ, ಇಡೀ ಯುನಿವರ್ಸಿಟಿಗೆ ಮೂರನೇ ರ‍್ಯಾಂಕ್."

ಹುಡುಗಿ ಮುಖ ಬಾಡಿಸಿಕೊಂಡು, ಸಮಾಧಾನ ಹೇಳುವವಳಂತೆ ಕೇಳಿದಳು. "ಬರೇ ಮೂರ ಏನ್ರಿ ಸರ್? ನೂರಕ್ಕ ಮೂರು?"

ನಾನು ಕಿಸೆಯಲ್ಲಿದ್ದ ಟಿಕೆಟ್ ಮುಟ್ಟಿ ನೋಡಿಕೊಂಡೆ. ಕ್ಲಾರ್ಕು ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿದ. ಆ ಕೆಮ್ಮಿನಲ್ಲಿ ನಗು ಎದ್ದು ಕಾಣುತ್ತಿತ್ತು.

ಪ್ರಿನ್ಸಿಪಾಲರು ಕೆಂಪಾದರು, ಕ್ಲಾರ್ಕನ್ನು ನೋಡಿದರು, ಆಮೇಲೆ ತಾವೂ ತಡೆಯಲಾರದೆ ಹೊಟ್ಟೆ ಕುಲುಕಿಸಿ ನಕ್ಕರು. "ಇಕಿನ್ನ ಹೊರಗ ಬಿಟ್ರ ನಾಳೆ ನನ್ನ ಮ್ಯಾಲೇ ಕೇಸ್ ಹಾಕ್ತಾಳ. ಒಳಗ ಇರ್ಲಿ. ಪರದೇಶದ ಮಾರ್ಕ್ಸಿಗೆ ದಿಲ್ಲಿಯವರು ಪರ್ಸೆಂಟೇಜ್ ಬರದು ಕೊಡ್ತಾರ, ಆ ಕಾಗದ ತರಿಸಿ ಆಮ್ಯಾಲೆ ಕೊಡ್ರಿ. ಅಸಲು ಕಾರ್ಡ್ ಇಟ್ಟು ಹೋಗ್ರಿ."

ಹುಡುಗಿ ಕಾರ್ಡನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು. "ದಸ್ತಿ ಒಗದೆ ನೋಡ್ರಿ ದೊಡ್ಡಪ್ಪ."

ಕ್ಲಾರ್ಕು ಗಾಬರಿಯಾಗಿ ಮೇಜಿನ ಕೆಳಗೆಲ್ಲ ದಸ್ತಿ ಹುಡುಕಿದ.

೬. ದೊಡ್ಡವ್ವನ ಲೆಕ್ಕ

ಇಷ್ಟೆಲ್ಲ ಆಗುವುದರೊಳಗೆ ನನ್ನ ಹೆಂಡತಿ ಜರ್ಮನ್ ಲೆಕ್ಕದಲ್ಲಿ ಪಂಡಿತಳಾಗಿದ್ದಳು. ಒಂದು ಅಂದ್ರ ಶಾಣ್ಯಾ, ಆರು ಅಂದ್ರ ದಡ್ಡ ಅಂತ ಓಣಿಯ ಹೆಂಗಸರಿಗೆಲ್ಲ ಪಾಠ ಮಾಡಿದ್ದಳು. ಎದುರು ಮನೆಯವರ ಮಗ ತೊಂಬತ್ತು ತೆಗೆದ ಅಂತ ಸಿಹಿ ಕೊಡಲು ಬಂದರೆ, ಕನಿಕರದಿಂದ ಇಸಿದುಕೊಳ್ಳುತ್ತಿದ್ದಳು.

ಕಾಲೇಜಿನ ಮೊದಲ ಪರೀಕ್ಷೆಯ ರಿಸಲ್ಟ್ ಬಂದ ದಿನ ಹುಡುಗಿ ಕುಣಿಯುತ್ತ ಒಳಗೆ ಬಂದಳು. "ದೊಡ್ಡವ್ವಾ, ನನಗ ಎಪ್ಪತ್ತೆರಡು! ಇಡೀ ಕ್ಲಾಸಿಗೆ ನಾನ ಹೆಚ್ಚು!"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡಳು.

"ಅಯ್ಯ ನಮ್ಮವ್ವಾ! ಆರಕ್ಕ ಫೇಲ್ ಆಗ್ತಾರ ಅಂತಿದ್ದಿ. ಎಪ್ಪತ್ತೆರಡು ಅಂದ್ರ, ಒಂದ ಪರೀಕ್ಷಾದಾಗ ಎಷ್ಟ್ ಸಲ ಫೇಲ್ ಆಗಿ ಬಂದೀಯವಾ?"