ಒಂದು ಗಂಟೆಯ ಡಬ್ಬಿ

ರಕ್ತದೊತ್ತಡ ಇದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಗತ್ತಿದೆ. ಪಾಪ, ತುಂಬ ಜವಾಬ್ದಾರಿಯ ಮನುಷ್ಯ ಎಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಎಂದರೆ ಮಾತ್ರ, ಎಷ್ಟು ಪೇಡೆ ತಿಂದಿದ್ದಾನೋ ಎಂದು ಹೊಟ್ಟೆಯ ಕಡೆ ನೋಡುತ್ತಾರೆ. ನಾನು ಧಾರವಾಡದವನು ಬೇರೆ. ಹಾಗಾಗಿ ಎರಡು ವರ್ಷ ಕಚೇರಿಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ.

ಪುಣೆಯ ಹೊರವಲಯದ ಒಂದು ಕಾರ್ಖಾನೆಯಲ್ಲಿ ಯಾವ ಮಾಲು ಯಾವ ದಿನ ಹೊರಡಬೇಕೆಂದು ನಿಗದಿ ಮಾಡುವುದು ನನ್ನ ಕೆಲಸ. ಲಾರಿಗಳೆಲ್ಲ ನಾನು ಹೇಳಿದ ಹೊತ್ತಿಗೆ ಹೊರಡುತ್ತಿದ್ದವು. ಹೊತ್ತು ತಪ್ಪುತ್ತಿದ್ದದ್ದು ನನ್ನ ಊಟವೊಂದೇ. ಹೆಂಡತಿ ಸುನಂದಾ ದಿನಾ ಬಾಗಿಲಲ್ಲಿ ನಿಂತು, “ಒಂದಕ್ಕ ಉಣ್ರಿ. ಗುಳಿಗಿ ತಗೊಂಡು ಉಪವಾಸ ಇರಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ” ಎನ್ನುತ್ತಿದ್ದಳು. ಹೂಂಗುಟ್ಟಿ ಬಂದವನು ಡಬ್ಬಿ ತೆರೆಯುತ್ತಿದ್ದದ್ದು ಮೂರಕ್ಕೋ ನಾಲ್ಕಕ್ಕೋ.

ಕಳೆದ ವರ್ಷ ಒಂದು ದಿನ ಪರವೂರಿನ ಗಿರಾಕಿಗಳು ಬಂದಿದ್ದರು. ಹನ್ನೊಂದಕ್ಕೆ ಶುರುವಾದ ಮೀಟಿಂಗ್ ಎರಡಾದರೂ ಮುಗಿಯಲಿಲ್ಲ. ಮೊದಲು ಬೆವರು ಬಂತು, ಆಮೇಲೆ ಪರದೆಯ ಮೇಲಿನ ಅಂಕಿಗಳು ಒಂದರ ಮೇಲೊಂದು ಹತ್ತತೊಡಗಿದವು. ನಮ್ಮ ಮ್ಯಾನೇಜರ್ ಶಿಂದೆಯವರು ಮಾಲು ಯಾವಾಗ ಹೊರಡುತ್ತದೆ ಎಂದು ಮರಾಠಿಯಲ್ಲಿ ಕೇಳಿದರಂತೆ. ನಾನು ಗಂಭೀರವಾಗಿ, ಅಪ್ಪಟ ಧಾರವಾಡ ಕನ್ನಡದಲ್ಲಿ, “ಅದನ್ನ ಸುನಂದಾನ ಕೇಳ್ರಿ” ಎಂದೆನಂತೆ. ಸುನಂದಾ ನಮ್ಮ ಮೇಲಧಿಕಾರಿ ಇರಬೇಕೆಂದು ಗಿರಾಕಿಗಳು ಹೆಸರು ಬರೆದುಕೊಂಡರು. ನಾನು ಸುಮ್ಮನೆ ಕುರ್ಚಿಯಲ್ಲಿ ಕುಸಿದೆ.

ತಪಾಸಣೆ ವಿಭಾಗದ ಜೋಶಿ ಬಾಯಿ, ಕೂದಲೆಳೆಯಷ್ಟು ದೋಷಕ್ಕೂ ಮಾಲು ವಾಪಸು ಕಳಿಸುವವರು, ಎದ್ದು ಬಂದು ನನ್ನ ಮುಖ ನೋಡಿದರು. ಚಹಾದ ತಟ್ಟೆಯಲ್ಲಿದ್ದ ಸಕ್ಕರೆಯನ್ನು ನೀರಿಗೆ ಸುರಿದು ಕಲಕಿ, “ಆಧೀ ಹೇ ಪ್ಯಾ” ಎಂದರು, ಮೊದಲು ಇದನ್ನು ಕುಡಿಯಿರಿ ಎಂದು. ಕುಡಿದೆ. ಹತ್ತು ಹದಿನೈದು ನಿಮಿಷದಲ್ಲಿ ಅಂಕಿಗಳು ತಮ್ಮ ತಮ್ಮ ಜಾಗಕ್ಕೆ ಇಳಿದವು. ಎಷ್ಟು ವರ್ಷದಿಂದ ಎಂದು ಜೋಶಿ ಬಾಯಿ ಕೇಳಿದರು. ಎರಡು ಎಂದೆ. ತಮಗೆ ಹನ್ನೊಂದು ಎಂದರು. ಶಿಂದೆಯವರು ಕೆಮ್ಮಿ, ಮೆಲ್ಲಗೆ, ತಮಗೆ ಆರು ಎಂದರು. ಗಿರಾಕಿಗಳಲ್ಲಿ ಹಿರಿಯರೊಬ್ಬರು ಚೀಲದಿಂದ ಭಾಕ್ರಿಯ, ಅಂದರೆ ನಮ್ಮ ರೊಟ್ಟಿಯ, ಗಂಟು ತೆಗೆದು, ಹಾಗಾದರೆ ತಾವೂ ಇನ್ನು ತಿನ್ನಬಹುದಲ್ಲ ಎಂದು ಅಪ್ಪಣೆ ಬೇಡಿದರು.

ಅಂದಿನಿಂದ ನಮ್ಮಲ್ಲಿ ಒಂದಕ್ಕೆ ಮೀಟಿಂಗ್ ನಿಲ್ಲುತ್ತದೆ. ಜೋಶಿ ಬಾಯಿ ನನ್ನ ಮೇಜಿನ ಮುಂದೆ ನಿಂತು “ಡಬ್ಬಾ” ಎನ್ನುತ್ತಾರೆ. ಶಿಂದೆಯವರೂ ಸೇರಿ ಮೂವರೂ ಕೂಡಿ ಉಣ್ಣುತ್ತೇವೆ, ಜೋಶಿ ಬಾಯಿಯವರ ಮೆಂತ್ಯ ಪಲ್ಯ ನನ್ನ ತಟ್ಟೆಗೆ ಬರುತ್ತದೆ. ಈ ಸುಖವನ್ನು ಮನೆಯಲ್ಲಿ ವರ್ಣಿಸಿದಾಗ ಸುನಂದಾ, “ಎರಡು ವರ್ಷ ನಾ ಹೇಳಿದ್ದು ಅದನ್ನ. ಮರಾಠ್ಯಾಗ ಹೇಳಬೇಕಿತ್ತು, ಅಷ್ಟ” ಎಂದಳು.

ಹೋದ ವಾರ ಜೋಶಿ ಬಾಯಿ ರಜೆಯಲ್ಲಿದ್ದರು, ಶಿಂದೆಯವರು ಊರಲ್ಲಿರಲಿಲ್ಲ. ಇಲ್ಲೇ ಹತ್ತಿರದ ದೌಂಡದಲ್ಲಿ ನೆಲೆಸಿದ ಕಲಬುರಗಿ ಕಡೆಯ ಲಾರಿ ಮಾಲೀಕರೊಬ್ಬರು ಬಂದು, ತಮಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿದೆ ಎಂದು ನಾಚುತ್ತ ಹೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣುವುದರ ಮಹತ್ವವನ್ನು ನಾನು ಮೊದಲಿನಿಂದ ವಿವರಿಸಿದೆ. ನಡುವೆ ಅವರು ಎರಡು ಸಲ ಏನೋ ಹೇಳಹೊರಟರು; ಕೈಸನ್ನೆ ಮಾಡಿ ಸುಮ್ಮನಾಗಿಸಿದೆ. ಕೊನೆಗೆ ಅವರು ಗೋಡೆಯ ಗಡಿಯಾರ ತೋರಿಸಿ, “ಸಾಹೇಬ್ರ, ಎರಡೂವರಿ ಆತು. ಉಂಡು ಬಂದು ಉಳಿದದ್ದು ಕೇಳಲೇನ್ರಿ?” ಎಂದರು.