ಮುಲಾಪಾನಿಯ ಅಳಿಯ

ರಾತ್ರಿಯ ಮಳೆಗೆ ತೂಗುಸೇತುವೆ ಒಂದು ಕಡೆಯಿಂದ ಕಿತ್ತುಕೊಂಡು ನೀರಿಗೆ ಬಿದ್ದಿತ್ತು. ಬಿದ್ದದ್ದು ಸೇತುವೆ, ಮುಖ ಬಿದ್ದುಹೋದದ್ದು ಗೈಡ್ ಹಸ್ತಬೀರನದು. ಘಟ್ಟ ದಾಟಲು ಇನ್ನು ಉಳಿದದ್ದು ಒಂದೇ ದಾರಿ. ಅದು ಮುಲಾಪಾನಿ ಊರಿನ ನಡುವೆಯೇ ಹಾದು ಮೇಲೆ ಹೋಗುತ್ತಿತ್ತು. ಮುಲಾಪಾನಿ ಹಸ್ತಬೀರನ ಹೆಂಡತಿಯ ತವರು.

ಕೆಳಗಿನ ಬಯಲಿನವರು ಅಳಿಯ ಬಂದರೆ ಮಂಚದ ಮೇಲೆ ಕೂರಿಸಿ ಕಾಲಿಗೆ ನೀರು ಕೊಡುತ್ತಾರಂತೆ. ಬೆಟ್ಟದ ನಮ್ಮ ಮಗರ ಜನರಲ್ಲಿ ಅಳಿಯ ಬಂದರೆ ಕೈಗೆ ಖುಕುರಿ ಕತ್ತಿ ಕೊಡುತ್ತೇವೆ. ಮದುವೆಯಿರಲಿ, ತಿಥಿಯಿರಲಿ, ಸೌದೆ ಒಡೆಯುವವನು ಅಳಿಯ, ಟಗರು ಕಡಿಯುವವನು ಅಳಿಯ, ಕರುಳು ತೊಳೆದು ಬೇಯಿಸಿ ಬಡಿಸುವವನೂ ಅವನೇ. ಮಾವನ ಕಡೆಯವರು ಬಿಸಿಲಲ್ಲಿ ಚಾಪೆ ಹಾಸಿಕೊಂಡು ಅಪ್ಪಣೆ ಕೊಡುತ್ತಾ ಕೂತಿರುತ್ತಾರೆ. ಮುಲಾಪಾನಿ ಪೂರ್ತಿ ಒಂದೇ ಕುಲದ ಊರು. ಅಲ್ಲಿನ ನಾಯಿಗಳನ್ನು ಬಿಟ್ಟರೆ ಉಳಿದವರೆಲ್ಲ ಹಸ್ತಬೀರನಿಗೆ ಕೆಲಸ ಹೇಳಬಹುದಾದವರೇ.

ಅವತ್ತೇ ಅಲ್ಲಿ ಹೆಂಡತಿಯ ಅಜ್ಜಿಯ ವರ್ಷದ ಕಾರ್ಯ. ಹೆಂಡತಿ ಮನ್‌ಸರಾ ವಾರದ ಹಿಂದೆಯೇ ಹೋಗಿದ್ದಳು. "ನನಗೆ ಲಾಂಗ್‌ಟಾಂಗ್ ಕಡೆ ಕೆಲಸ ಇದೆ, ಬರೋಕಾಗಲ್ಲ" ಎಂದು ಹಸ್ತಬೀರ ಅವಳಿಗೆ ಹಸಿ ಸುಳ್ಳು ಹೇಳಿದ್ದ.

ಅವನು ಮೈಗಳ್ಳನೇನಲ್ಲ. ಅರ್ಧ ಆಯಸ್ಸು ಡೋಕೊ ಬುಟ್ಟಿ ಬೆನ್ನಿಗೇರಿಸಿ, ಹಣೆಗೆ ಪಟ್ಟಿ ಕೊಟ್ಟು, ಪರರ ಸಾಮಾನು ಹೊತ್ತವನು. ಹಣೆಯ ಮೇಲೆ ಆ ಪಟ್ಟಿಯ ಗುರುತು ಈಗಲೂ ಉಳಿದಿತ್ತು. ಅವನನ್ನು ಗೈಡ್ ಮಾಡಿದ್ದು ಇದೇ ಮೊದಲು. ಅದಕ್ಕೆಂದೇ ಕೆಂಪು ಜಾಕೀಟು ಕೊಂಡಿದ್ದ. ಪಾಟನ್ ಪಟ್ಟಣದ ಬಟ್ಟೆ ವ್ಯಾಪಾರಿ ರತ್ನಮಾನ್ ಸಾಹು ಮತ್ತು ಅವರ ಹೆಂಡತಿ ಸಾಹುನಿ ಅವನ ಮೊದಲ ಅತಿಥಿಗಳು. ಹೊರಟ ದಿನ ಸಾಹುಗಳು ಕೈಮುಗಿದು "ಗುರುಜಿ, ಇನ್ನು ನೀವು ತೋರಿಸಿದ್ದೇ ದಾರಿ" ಅಂದಿದ್ದರು. ಗುರುಜಿ! ಬದುಕಿನಲ್ಲಿ ಮೊದಲ ಸಲ ಒಬ್ಬರು ಅವನನ್ನು ಹಾಗೆ ಕರೆದಿದ್ದರು. ಅಂಥವರ ಕಣ್ಣೆದುರಿಗೆ ಕರುಳು ತೊಳೆಯುತ್ತಾ ಕೂರುವುದು ಅವನಿಗೆ ಸುತರಾಂ ಬೇಡವಾಗಿತ್ತು.

"ಏನಳಿಯಾ, ಲಾಂಗ್‌ಟಾಂಗ್ ಇಷ್ಟು ಹತ್ರ ಬಂತೇನೋ?"

ಕೇಳಿದವನು ರಾತ್ರಿ ಅವರು ತಂಗಿದ್ದ ಹೋಟೆಲಿನ ಇಂದ್ರಮಾನ್. ಮನ್‌ಸರಾ ಈ ದಾರಿಯಲ್ಲೇ ಹೋಗಿದ್ದರಿಂದ ಅವನಿಗೆ ಎಲ್ಲವೂ ಗೊತ್ತಿತ್ತು. ಇಂದ್ರಮಾನ್ ಮಗರನಲ್ಲ, ಥಕಾಲಿ ಕುಲದವನು. ಆದರೆ ಮಾವ ಜಗ್‌ಲಾಲನಿಗೂ ಅವನಿಗೂ ಮಿತತನವಾಗಿತ್ತು, ಅಂದರೆ ಶಾಸ್ತ್ರ ಮಾಡಿಕೊಂಡ ಗೆಳೆತನ. ಹಿಂದೊಮ್ಮೆ ಇಬ್ಬರೂ ಎದುರುಬದುರು ಕೂತು, ಹಣೆಗೆ ಮೊಸರಕ್ಕಿ ಹಚ್ಚಿಕೊಂಡು, ಟೋಪಿ ಬದಲಾಯಿಸಿಕೊಂಡು ಮಿತರಾಗಿದ್ದರು. ಮಿತರಾದ ಮೇಲೆ ಒಬ್ಬನ ಮಗಳು ಇನ್ನೊಬ್ಬನಿಗೂ ಮಗಳೇ.

"ಮಿತಮಾವಾ, ಮೆಲ್ಲಗೆ. ಅತಿಥಿಗಳು ಮಲಗಿದ್ದಾರೆ."

"ಅವರು ಏಳೋದ್ರೊಳಗೆ ಆ ಕೊರಡು ಒಡೆದುಬಿಡು. ನಾನೇನು ಯಾರಿಗೂ ಹೇಳಲ್ಲ."

ಹಸ್ತಬೀರ ಜಾಕೀಟು ಕಳಚಿಟ್ಟು ಸೌದೆ ಒಡೆದ. ಸಾಹುಗಳು ಕಣ್ಣುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಜಾಕೀಟು ಹಾಕಿಕೊಂಡು, ಬೆಟ್ಟ ನೋಡುತ್ತಾ, ಗೈಡಿನ ಗತ್ತಿನಲ್ಲಿ ನಿಂತಿದ್ದ.

ಊರಿನ ಕೆಳಗೆ ಕೆಂಪು ಹೂ ಬಿಡುವ ಗುರಾಂಸ್ ಮರಗಳ ಕಾಡು. ಅದರೊಳಗೆ ಹೊಕ್ಕು ಬಳಸಿ ಹೋದರೆ ಮುಲಾಪಾನಿಯನ್ನು ತಪ್ಪಿಸಿಕೊಳ್ಳಬಹುದಿತ್ತು. ಸಾಮಾನು ಹೊರುವ ಧನ್‌ಸಿಂಗನನ್ನು ಪಕ್ಕಕ್ಕೆ ಕರೆದು ಹಸ್ತಬೀರ ವಿಷಯ ಹೇಳಿದ. ಇಬ್ಬರೂ ಹಳೆಯ ಹೊರೆಯ ಗೆಳೆಯರು.

"ಆ ಕಾಡಲ್ಲಿ ಜಿಗಣೆ ಇದೆ ಕಣೋ" ಎಂದ ಧನ್‌ಸಿಂಗ್.

"ಊರಲ್ಲಿ ಮಾವ ಇದ್ದಾನೆ."

ಧನ್‌ಸಿಂಗ್ ಯೋಚಿಸಿ ನೋಡಿ, "ಜಿಗಣೆ ವಾಸಿ" ಎಂದು ಬುಟ್ಟಿ ಹೊತ್ತ.

ಕಾಡಿನಲ್ಲಿ ತುರಚೆ ಗಿಡ ಸಾಹುನಿಯ ಕೈ ಸವರಿತು. ಸಾಹುಗಳ ಕಾಲುಚೀಲದೊಳಗೆ ಜಿಗಣೆಗಳು ಸಂಸಾರ ಹೂಡಿದವು. "ಹೂವು ನೋಡಲಿ ಅಂತ ಈ ದಾರೀಲಿ ಕರ್ಕೊಂಡು ಬಂದೆ" ಎಂದು ಹಸ್ತಬೀರ ಸಮಾಧಾನ ಹೇಳುತ್ತಿದ್ದ. ಹೂವಿನ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಪಾಪ, ಸಾಹುಗಳು ಕತ್ತೆತ್ತಿ ಬರೀ ಎಲೆಗಳನ್ನೇ ಮೆಚ್ಚಿಕೊಂಡು ನಡೆದರು.

ತಿರುವಿನಲ್ಲಿ ಒಂದು ಹುಲ್ಲಿನ ಹೊರೆ ಕಾಣಿಸಿತು. ಅದರ ಹಿಂದೆ ಕುಡುಗೋಲು ಹಿಡಿದು ಕೂತಿದ್ದವಳು ಮನ್‌ಸರಾಳ ಚಿಕ್ಕಮ್ಮ ಸುಕ್‌ಮಾಯಾ.

"ಅಯ್ಯ, ಅಳಿಯ! ದೇವ್ರೇ ಕಳಿಸಿದ ಹಾಗೆ ಬಂದೆ ನೋಡು. ಎತ್ತು ಹೊರೆ."

ಹಸ್ತಬೀರ ಅತ್ತಿತ್ತ ನೋಡಿದ. ಸಾಹುಗಳು ಹಿಂದೆಯೇ ನಿಂತಿದ್ದರು. ಮೊದಲು ಬಾಯಿಗೆ ಬಂದ ಸುಳ್ಳನ್ನೇ ಹೇಳಿದ: "ನಮ್ಮ ಬೆಟ್ಟದ ಕಡೆ ಹಾಗೇ ಸಾಹುಜಿ. ಗಟ್ಟಿಮುಟ್ಟಾದ ಗಂಡಸು ಕಂಡ್ರೆ ಪ್ರೀತಿಯಿಂದ ಅಳಿಯ ಅಂತಾರೆ. ಪಾಪ, ವಯಸ್ಸಾದವಳು. ಮನೆ ತನಕ ಹೊತ್ತುಕೊಡೋಣ."

ಸಾಹುಗಳ ಕಣ್ಣು ಅರಳಿತು. "ನೋಡಿದೆಯಾ? ಗುರುತಿಲ್ಲ, ಪರಿಚಯ ಇಲ್ಲ, ಹೊರೆ ಹೊರ್ತಾರೆ" ಎಂದು ಹೆಂಡತಿಗೆ ಹೇಳಿ ಇವನ ಕಡೆ ತಿರುಗಿದರು. "ಗುರುಜಿ, ನನಗೆ ಬರೀ ಗಂಡುಮಕ್ಕಳು. ಒಬ್ಬ ಮಗಳಿದ್ದಿದ್ರೆ ನಿಮ್ಮಂಥ ಅಳಿಯನ್ನೇ ಹುಡುಕ್ತಿದ್ದೆ. ಪ್ರೀತಿಯಿಂದ ಕರೆಯೋದಾದ್ರೆ ನಾನೂ ಹಾಗೇ ಕರೀಲಾ?"

"ಬೇಡಿ ಸಾಹುಜಿ!" ಹಸ್ತಬೀರ ಕೂಗಿಯೇ ಬಿಟ್ಟ. "ನೀವು ಗುರುಜಿ ಅಂತಲೇ ಅನ್ನಿ."

ಹುಲ್ಲಿನ ಹೊರೆ ಅವನನ್ನು ಬಳಸುದಾರಿಯಿಂದ ಎಳೆದು ತಂದು ನೇರವಾಗಿ ಮುಲಾಪಾನಿಯ ಹಾದಿಗೆ ಹಾಕಿತು. ಮುಂದೆ ಹೆಂಡತಿಯ ಚಿಕ್ಕಜ್ಜ ಸಿಕ್ಕಿ ಹೊರೆಯ ಮೇಲೊಂದು ಕುಂಬಳಕಾಯಿ ಏರಿಸಿದ. ಹೆಂಡತಿಯ ಅತ್ತಿಗೆಯೊಬ್ಬಳು ನೀರಿನ ಗಡಿಗೆಯನ್ನು ಕೈಗೆ ಕೊಟ್ಟಳು. ಸಾಹುಗಳು ಪ್ರತಿ ಸಲವೂ ನಿಂತು ತಲೆದೂಗಿದರು. ಧನ್‌ಸಿಂಗ್ ನಗು ತಡೆಯಲಾರದೆ ಬಂಡೆಯ ಮರೆಗೆ ಹೋಗಿ ಕೆಮ್ಮಿ ಬಂದ.

ಅಂಗಳದ ತುಂಬಾ ಜನ. "ಅಳಿಯ ಬಂದ! ಅಳಿಯ ಬಂದ!" ಎಂದು ಎಲ್ಲರೂ ಎದ್ದು ನಿಂತರು. ಅಳಿಯನ ಕೈ ತಾಗದೆ ಟಗರು ಕಡಿಯುವಂತಿಲ್ಲ, ಸತ್ತವರಿಗೆ ಮೊದಲ ಎಡೆ ಇಡುವಂತಿಲ್ಲ. ಬರಲ್ಲ ಎಂದಿದ್ದರೂ ಬಂದೇ ಬರುತ್ತಾನೆಂದು ಬೆಳಗಿನಿಂದ ಇಡೀ ಊರು ಹಸಿದುಕೊಂಡು ಹಾದಿ ಕಾಯುತ್ತಿತ್ತು. ಮನ್‌ಸರಾ ಗಂಡನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಲಾಂಗ್‌ಟಾಂಗ್ ಹೇಗಿತ್ತು?" ಎಂದಳು.

"ಸೇತುವೆ..." ಎಂದು ಅವನು ತೊದಲಿದ.

"ಆಯ್ತು ತಗೋ" ಎಂದು ಖುಕುರಿ ಕೊಟ್ಟು ಒಳಗೆ ಹೋದಳು.

ಮಾವ ಜಗ್‌ಲಾಲ್, ಸಾಹು ದಂಪತಿಗೆ ಉಣ್ಣೆಯ ಕಂಬಳಿ ಹಾಸಿ, ಕುಡಿಯಲು ರಕ್ಸಿ ಸಾರಾಯಿ ತರಿಸಿ, ಎದುರಿಗೆ ಕೂತ. ಅವನಿಗೂ ಸಾಹುಗಳಿಗೂ ಒಂದೇ ವಯಸ್ಸು, ಒಂದೇ ಥರದ ಮಂಡಿನೋವು. ಮಾತಿಗೆ ಬೇರೇನು ಬೇಕು? ರಕ್ತ ತಾಗದಿರಲೆಂದು ಹಸ್ತಬೀರ ಕೆಂಪು ಜಾಕೀಟನ್ನು ಧನ್‌ಸಿಂಗನ ಕೈಗೆ ಕೊಟ್ಟು ಮನೆಯ ಹಿಂದಕ್ಕೆ ಹೋದ.

ಟಗರು ಕಡಿದದ್ದಾಯಿತು. ಕರುಳು ತೊಳೆಯಲು ಕೂತ. ಈ ಜಾಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ವರ್ಷ ಇಲ್ಲಿಯೇ ಕೂತು, ಎಲ್ಲರೂ ನಗುವಾಗ ಅವಮಾನದಿಂದ ತಲೆ ತಗ್ಗಿಸಿದ್ದ. ಆಗ ಅಜ್ಜಿ ಕೋಲೂರಿಕೊಂಡು ಬಂದು, ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದ ಟಗರಿನ ಸುಟ್ಟ ಈಲಿಯ ತುಂಡು ತೆಗೆದು, "ನಿನ್ ಕೈ ಖಾಲಿ ಇಲ್ಲ, ಬಾಯಿ ತೆಗಿ" ಎಂದಿದ್ದಳು. ಆಮೇಲೆ ಪ್ರತಿ ಕಾರ್ಯದಲ್ಲೂ ಹಾಗೆಯೇ. ಊರಿಗೆಲ್ಲ ಎಲೆ ಹಾಕುವ ಮೊದಲು ಅಳಿಯನ ಬಾಯಿಗೆ ಒಂದು ತುತ್ತು. "ದುಡಿಯೋನು ಕೀಳು ಅಂತ ಯಾರೋ ಅಂದ್ರು? ನಾನು ಸತ್ತಾಗ ನನಗೆ ಅನ್ನ ಇಕ್ಕೋನು ನೀನು ಕಣೋ. ನನ್ನ ಮಗ ಇಟ್ರೂ ಅದು ಸೇರಲ್ಲ" ಎನ್ನುತ್ತಿದ್ದಳು.

ಈಗ ಒಲೆಯಿಂದ ಈಲಿ ಸುಡುವ ವಾಸನೆ ಬಂತು. ಹಸ್ತಬೀರ ತನಗೆ ಗೊತ್ತಿಲ್ಲದೆಯೇ ತಲೆಯೆತ್ತಿ ಬಾಯಿ ತೆರೆದ. ಅಲ್ಲಿ ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡ. ಅಂಥವಳ ಎಡೆಯನ್ನು ಒಂದು ಜಾಕೀಟಿಗಾಗಿ ತಪ್ಪಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು. ಸಾಹುನಿ ಸ್ವಲ್ಪ ದೂರದಲ್ಲಿ ಕೈ ತೊಳೆಯುತ್ತಿದ್ದರು. ಅವರು ಇದನ್ನೆಲ್ಲ ನೋಡಿದ್ದೂ, ಆಮೇಲೆ ಮನ್‌ಸರಾಳನ್ನು ಕೇಳಿ ಅಜ್ಜಿಯ ತುತ್ತಿನ ಕತೆ ತಿಳಿದುಕೊಂಡದ್ದೂ ಅವನಿಗೆ ತಿಳಿಯಲಿಲ್ಲ.

ಅವನು ಅಜ್ಜಿಗೆ ಎಡೆ ಇಟ್ಟ. ಊರು ಉಂಡಿತು. ಉಂಡ ಮೇಲೆ ಸಾಹುಗಳು ರಕ್ಸಿಯ ಹುರುಪಿನಲ್ಲಿ ಎದ್ದು ನಿಂತು ಭಾಷಣ ಶುರುಮಾಡಿದರು.

"ಮುಲಾಪಾನಿಯ ಬಂಧುಗಳೇ! ಈ ನಮ್ಮ ಗುರುಜಿ ನಿಮಗೆ ಏನೂ ಆಗಬೇಕಾದವರಲ್ಲ. ಆದ್ರೂ ನಿಮ್ಮ ಹುಲ್ಲು ಹೊತ್ರು, ನೀರು ಹೊತ್ರು, ನಿಮ್ಮ ಟಗರಿನ ಕರುಳು ತೊಳೆದ್ರು. ಇಂಥ ನಿಸ್ವಾರ್ಥಿನ ನಾನು ಪಾಟನ್ನಿನಲ್ಲೂ ನೋಡಿಲ್ಲ..."

ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಿಕ್ಕಜ್ಜನಿಗೆ ನಗು ಬಂದು ಹಲ್ಲಿನ ಸೆಟ್ಟು ಜಾರಿತು.

"ಅಯ್ಯೋ ಸಾಹುಜಿ" ಎಂದಳು ಮನ್‌ಸರಾ, "ಇವ್ರು ನನ್ನ ಗಂಡ. ಈ ಮನೆ ಅಳಿಯ. ಇವ್ರು ಮಾಡ್ದೆ ಇನ್ಯಾರು ಮಾಡ್ಬೇಕು?"

ಹಸ್ತಬೀರ ನೆಲ ನೋಡುತ್ತಾ ನಿಂತ. ಇನ್ನು ಮುಗಿಯಿತು, ಸುಳ್ಳುಗಾರನೆಂದು ನಾಳೆಯೇ ಹಿಂದಕ್ಕೆ ಕಳಿಸುತ್ತಾರೆ ಎಂದುಕೊಂಡ. ಆದರೆ ಸಾಹುಗಳಿಗೆ ಸಿಟ್ಟು ಬರಲಿಲ್ಲ. ಅವರು ಅಳಿಯನನ್ನು ನೋಡಿದರು, ಚಾಪೆಯ ಮೇಲೆ ಆರಾಮಾಗಿ ಒರಗಿದ್ದ ಜಗ್‌ಲಾಲನನ್ನು ನೋಡಿದರು. ಅವರ ಮುಖದಲ್ಲಿ ಮೆಲ್ಲಗೆ ಒಂದು ಆಸೆ ಮೂಡಿತು.

"ನೀವು ಎಂಥಾ ಅದೃಷ್ಟವಂತ್ರು ಜಗ್‌ಲಾಲ್‌ಜಿ" ಎಂದರು.

"ನಿಮಗೂ ಬೇಕಾ?" ಎಂದ ಜಗ್‌ಲಾಲ್. "ಟೋಪಿ ತೆಗೀರಿ. ಏಯ್, ಯಾರಾದ್ರೂ ಮೊಸರಕ್ಕಿ ತನ್ನಿ!"

ಹಸ್ತಬೀರ ಥಟ್ಟನೆ ತಲೆಯೆತ್ತಿದ. ಮಾವನಿಗೆ ಮಿತರನ್ನು ಮಾಡಿಕೊಳ್ಳುವ ಚಟ ಇದ್ದದ್ದು ಅವನಿಗೆ ಗೊತ್ತೇ ಇತ್ತು. "ಮಾವಾ, ಬೇಡ, ಅವರು ದೊಡ್ಡ ಜನ" ಎಂದು ಅಡ್ಡ ಬಂದ. "ನೀನು ಎಲೆ ಎತ್ತು ಹೋಗು" ಎಂದ ಮಾವ. ಎಲೆ ಎತ್ತಿ ಬರುವಷ್ಟರಲ್ಲಿ ಇಬ್ಬರು ಮುದುಕರ ಹಣೆಯ ಮೇಲೂ ಅಕ್ಕಿ ಅಂಟಿತ್ತು. ಸಾಹುಗಳ ತಲೆಯ ಮೇಲೆ ಮಾವನ ಹಳೆಯ ಟೋಪಿ ಇತ್ತು.

"ಬಾ ಅಳಿಯಾ" ಎಂದರು ಸಾಹುಗಳು, ಕಾಲು ಚಾಚಿ. "ಮಂಡಿ ಸ್ವಲ್ಪ ಹಿಡ್ಕೊಂಡಿದೆ, ಒತ್ತು ನೋಡೋಣ."

ಮರುದಿನ ಬೆಳಿಗ್ಗೆ ಘಟ್ಟ ಹತ್ತಲು ಹೊರಟಾಗ ಹೊಸ ಮಿತನಿಗೆ ಮಾವ ಉಡುಗೊರೆ ತೆಗೆದ: ಉಣ್ಣೆಯ ಕಂಬಳಿ, ತಾಮ್ರದ ಗಡಿಗೆ, ಒಂದು ಚೀಲ ಆಲೂಗಡ್ಡೆ, ಒಣಗಿಸಿದ ಮಾಂಸ. ಧನ್‌ಸಿಂಗ್ ಬುಟ್ಟಿಗೆ ಕೈ ಹಾಕಿದ. ಜಗ್‌ಲಾಲ್ ತಡೆದ. "ಮಿತನ ಮನೆ ಸಾಮಾನು ಕೂಲಿಯವನು ಹೊರೋದಾ? ಅಳಿಯ ಎದುರಿಗೇ ಇದ್ದಾನೆ." ಅದು ನ್ಯಾಯವಾದ ಮಾತು, ಎದುರಾಡುವಂತಿರಲಿಲ್ಲ. ಸಾಹುಗಳ ಹಾಸಿಗೆ, ಪೆಟ್ಟಿಗೆಗಳೂ ಅದೇ ಬುಟ್ಟಿಗೆ ಬಂದವು. ಹಣೆಯ ಹಳೆಯ ಗುರುತಿನ ಮೇಲೆ ಪಟ್ಟಿ ತಪ್ಪದೆ ಕೂತಿತು. ಧನ್‌ಸಿಂಗ್ ಚಳಿಗೆ ಕೆಂಪು ಜಾಕೀಟು ಹಾಕಿಕೊಂಡು, ಬರೀ ಒಂದು ಕೋಲು ಹಿಡಿದು ಮುಂದೆ ನಡೆದ.

ಮಧ್ಯಾಹ್ನದ ಹೊತ್ತಿಗೆ ಘಟ್ಟದ ನೆತ್ತಿ ಬಂತು. ಗಾಳಿಗೆ ಪ್ರಾರ್ಥನೆಯ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು, ಆಚೆ ಕಡೆಯ ಹಿಮದ ಬೆಟ್ಟಗಳು ತೆರೆದುಕೊಂಡಿದ್ದವು. ಹಸ್ತಬೀರ ಎರಡು ಕೈಯಲ್ಲೂ ಪಟ್ಟಿ ಹಿಡಿದು ಉಸಿರು ಬಿಡುತ್ತಾ ನಿಂತಿದ್ದ. ಸಾಹುನಿ ಹತ್ತಿರ ಬಂದರು, ಸೆರಗಿನ ಗಂಟು ಬಿಚ್ಚಿದರು.

"ನಿನ್ ಕೈ ಖಾಲಿ ಇಲ್ಲ ಅಲ್ವಾ ಅಳಿಯಾ? ಬಾಯಿ ತೆಗಿ."

ಸುಟ್ಟ ಈಲಿ. ತಣ್ಣಗಾಗಿತ್ತು, ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಹಸ್ತಬೀರನ ಕಣ್ಣು ತುಂಬಿಬಂತು. ಇದು ಸಿಕ್ಕ ಮೇಲೆ ಗುರುಜಿ ಅನ್ನಿಸಿಕೊಳ್ಳದಿದ್ದರೆ ಏನಂತೆ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಸಾಹುಗಳು ಬಂದು ತಮ್ಮ ಹೆಗಲಿನ ಚೀಲವನ್ನೂ ಬುಟ್ಟಿಯ ಮೇಲೆ ಇಟ್ಟರು. "ಹೇಗೂ ಹೊತ್ತಿದ್ದೀಯಲ್ಲ, ಇದೂ ಒಂದಿರ್ಲಿ."

ಆಮೇಲೆ ಅವರು ಇಳಿಜಾರಿನ ಕಡೆ ನೋಡಿದರು. ಅಲ್ಲಿ ದಾರಿ ಎರಡಾಗಿ ಒಡೆದಿತ್ತು. ಟೋಪಿ ಸರಿಮಾಡಿಕೊಂಡು, ಕೈಮುಗಿದು, ಮೊದಲ ದಿನದ ಅದೇ ಮರ್ಯಾದೆಯ ದನಿಯಲ್ಲಿ ಕೇಳಿದರು.

"ಗುರುಜಿ, ಇನ್ನು ಯಾವ ಕಡೆ?"

ಹಸ್ತಬೀರನ ಮುಖ ಅರಳಿತು. ಬಾಯಿಯ ತುಂಬ ಈಲಿ ಇದ್ದದ್ದರಿಂದ, ಪಟ್ಟಿಯಿಂದ ಒಂದು ಕೈ ಬಿಡಿಸಿಕೊಂಡು ಎಡಗಡೆ ತೋರಿಸಲು ಹೋದ.

"ಎಡಕ್ಕೆ ಬನ್ನಿ ಸಾಹುಜಿ" ಎಂದು ಮುಂದಿನಿಂದ ಕೂಗಿ ಹೇಳಿದ, ಕೆಂಪು ಜಾಕೀಟಿನ ಧನ್‌ಸಿಂಗ್.